ಕುಣಿಗೆ ಇಳಿಯದ ಮಗ

ರಬಕವಿಯಲ್ಲಿ ಎಳೆ ಕೂಡಿಸುವ ಕೈಗಳು ಈಗ ಬೆರಳೆಣಿಕೆಯಷ್ಟು ಉಳಿದಿವೆ. ಅವುಗಳಲ್ಲಿ ರುಕ್ಮವ್ವನ ಕೈ ಒಂದು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ ಸುರುಳಿ, ನೇಯ್ದು ಮುಗಿದಾಗ ಯಾವ ನೇಕಾರನೂ ಕೊನೆಯ ಎಳೆಗಳನ್ನು ಪೂರ್ತಿ ಕಿತ್ತು ತೆಗೆಯುವುದಿಲ್ಲ. ಗೇಣುದ್ದದ ತುದಿಗಳನ್ನು ಮಗ್ಗದಲ್ಲೇ ಬಿಟ್ಟಿರುತ್ತಾನೆ. ಹೊಸ ಹಾಸು ಬಂದಾಗ ರುಕ್ಮವ್ವನಂಥವರು ಬಂದು ಕೂತು, ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ತುದಿಗೆ ಹೊಸ ಎಳೆಯನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಮೂರು ಸಾವಿರ ಎಳೆಗಳಿದ್ದರೂ ಒಂದು ದಿನದಲ್ಲಿ ಕೆಲಸ ಮುಗಿಯುತ್ತದೆ. ಆ ಹಳೆಯ ತುದಿಗಳು ಹೋದವೋ, ಮೂರು ಸಾವಿರ ಎಳೆಗಳನ್ನೂ ದಾರದ ಸಣ್ಣ ಸಣ್ಣ ಕಣ್ಣುಗಳಲ್ಲಿ ಹೊಸದಾಗಿ ಪೋಣಿಸಿ, ಹಣಿಗೆಯ ಹಲ್ಲುಗಳ ನಡುವೆ ತೂರಿಸಿ ಎಳೆದು ತರಬೇಕು. ಬಲ್ಲವರು ಇಬ್ಬರು ಎದುರುಬದುರು ಕೂತರೂ ಮೂರು ದಿನ. ಅದಕ್ಕೇ ಆ ತುದಿಗಳನ್ನು ಯಾರೂ ಮುಟ್ಟುವುದಿಲ್ಲ. ನೇಕಾರರ ಮನೆಯಲ್ಲಿ ನಾಲ್ಕು ವರ್ಷದ ಕೂಸಿಗೂ ಇದು ಗೊತ್ತು. ರುಕ್ಮವ್ವನ ಮಗ ವೀರಣ್ಣನಿಗೆ ನಲವತ್ಮೂರು.

ರುಕ್ಮವ್ವನಿಗೆ ಅರವತ್ತೆಂಟು. ಗಂಡ ಕಾಶಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವನು ನೇಯುತ್ತಿದ್ದ ಕುಣಿಮಗ್ಗ ಇನ್ನೂ ಪಡಸಾಲೆಯಲ್ಲೇ ಇದೆ. ನೆಲದಲ್ಲಿ ಮೊಣಕಾಲುದ್ದ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯುತ್ತ ನೇಯುವ ಹಳೆಯ ಮಗ್ಗ ಅದು. ಗಂಡ ಸತ್ತ ತಿಂಗಳು ತುಂಬುವ ಮೊದಲೇ ರುಕ್ಮವ್ವ ಸೆರಗು ಬಿಗಿದು ಆ ಕುಣಿಗೆ ಇಳಿದಿದ್ದಳು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ಏನೇನೋ ಆಡಿಕೊಂಡರು. ಅವಳು ಲಾಳಿ ಒಗೆಯುತ್ತ ಕೇಳಿಸಿಕೊಂಡಳು, ಅಷ್ಟೇ. ತನ್ನ ಮಗ್ಗದಲ್ಲಿ ತಿಂಗಳಿಗೆ ಐದಾರು ಸೀರೆ, ಅದರ ನಡುವೆ ಊರವರ ಮಗ್ಗಗಳಿಗೆ ಎಳೆ ಕೂಡಿಸುವ ಕೂಲಿ, ಇಷ್ಟರಲ್ಲಿ ಆ ಮನೆಯ ಒಲೆ ಹೊತ್ತುತ್ತಿತ್ತು. ಆ ಮಗ್ಗವೊಂದು ಹೋದರೆ ಅವಳು ಮಗನ ಕೈ ನೋಡಬೇಕಾಗುತ್ತಿತ್ತು. ಮಗನ ಕೈಯೋ ಹುಟ್ಟಿದಾಗಿನಿಂದ ಅವಳ ಕೈಯನ್ನೇ ನೋಡುತ್ತಿತ್ತು.

ವೀರಣ್ಣ ನೋಡಲು ಲಕ್ಷಣವಾದ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಬಾಚಣಿಕೆ, ಕೈಯಲ್ಲಿ ದೊಡ್ಡ ಮೊಬೈಲು. ಗೊತ್ತಿಲ್ಲದವರು ಅವನನ್ನು ಬ್ಯಾಂಕಿನ ಸಾಹೇಬನೆಂದು ತಿಳಿದು ನಮಸ್ಕಾರ ಮಾಡಿದ್ದೂ ಉಂಟು, ಅವನು ಅದನ್ನು ಒಪ್ಪಿಸಿಕೊಂಡದ್ದೂ ಉಂಟು. ಬೆಳಿಗ್ಗೆ ಹತ್ತಕ್ಕೆ ಅವನ ಸವಾರಿ ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಹೊರಡುತ್ತಿತ್ತು. ಅಲ್ಲಿ ಕೂತು ಅವನು ತನ್ನ ಸಿದ್ಧಾಂತವನ್ನು ಮಂದಿಗೆ ತಿಳಿಸಿ ಹೇಳುತ್ತಿದ್ದ.

"ನಾವೇನ ಅರ್ಜಿ ಹಾಕಿದ್ವೇನ್ರಿ ನಮ್ಮನ್ನ ಹುಟ್ಟಸ್ರಿ ಅಂತ? ತಮ್ಮ ಖುಷಿಗೆ ಹಡದಾರ. ಹಡದ ಮ್ಯಾಗ ಕಡೀತನಾ ನೋಡಬೇಕ. ಹದಿನೆಂಟಕ್ಕ ಕೈ ತೊಳಕೊಳ್ಳಾಕ ಮಕ್ಕಳಂದ್ರ ಊಟದ ತಾಟೇನು?"

ಕೇಳಿದವರು ನಗುತ್ತಿದ್ದರು. ಅವರು ಒಪ್ಪಿ ನಕ್ಕರೆಂದು ವೀರಣ್ಣ ತಿಳಿಯುತ್ತಿದ್ದ. ಕುಡಿದ ಚಹಾದ ದುಡ್ಡು ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಅವನು ಕೆಲಸವನ್ನೇ ಮಾಡಲಿಲ್ಲ ಎಂದರೆ ತಪ್ಪಾದೀತು. ಮೊದಲು ಬೀಳಗಿಯಲ್ಲಿ ಝೆರಾಕ್ಸ್ ಅಂಗಡಿ ಹಾಕಿದ. ಅಪ್ಪನ ಶೆಡ್ಡಿನಲ್ಲಿದ್ದ ಎರಡು ಪವರ್‌ಲೂಮ್ ಮಾರಿ ಯಂತ್ರ ತಂದಿದ್ದರು. ಮಂದಿ ಕಾಗದ ಹಿಡಿದುಕೊಂಡು ಬರುವ ಹೊತ್ತಿಗೆ ಸಾಹೇಬರು ಊಟ ಮಾಡಿ ಮಲಗಿರುತ್ತಿದ್ದರು. ಎದ್ದು ಕದ ತೆಗೆಯುವಷ್ಟರಲ್ಲಿ ತಹಸೀಲ್ದಾರ ಕಚೇರಿಯ ಕದ ಮುಚ್ಚಿರುತ್ತಿತ್ತು. ಆಮೇಲೆ ಅನಗವಾಡಿಯ ಸೇತುವೆಯ ಹತ್ತಿರ ಮೀನಿನ ಖಾನಾವಳಿ ತೆರೆದ. ಅವರದೋ ಏಳು ತಲೆಮಾರಿನಿಂದ ಮೀನು ಮುಟ್ಟದ ಮನೆತನ. ಮೊದಲ ದಿನವೇ ಹುರಿಯುವ ವಾಸನೆಗೆ ಗಲ್ಲಾದ ಮೇಲೆ ಕೂತ ಮಾಲೀಕನೇ ಗಿರಾಕಿಗಳ ಕಣ್ಣೆದುರು ವಾಂತಿ ಮಾಡಿಕೊಂಡ. ಖಾನಾವಳಿ ಹನ್ನೊಂದು ದಿನ ನಡೆಯಿತು. ಆಮೇಲಿನದು ಮುಧೋಳದ ನಾಯಿ. ಬೇಟೆನಾಯಿಯ ಮರಿಗಳನ್ನು ಸಾಕಿ ಪುಣೆಯವರಿಗೆ ಮಾರುತ್ತೇನೆಂದು ದಾರಿಯಲ್ಲಿ ಸಿಕ್ಕ ಯಾರ ಹತ್ತಿರವೋ ಆರು ಮರಿ ಕೊಂಡು, ಮುಧೋಳದಲ್ಲೇ ಜಾಗ ಬಾಡಿಗೆಗೆ ಹಿಡಿದ. ರುಕ್ಮವ್ವನ ಕೈಯಲ್ಲಿದ್ದ ಬಂಗಾರದ ಪಾಟ್ಲಿ ಅದಕ್ಕೆ ಹೋದವು. ಮರಿಗಳು ದೊಡ್ಡವಾದವು, ಕಿವಿ ನಿಮಿರಿದವು, ಬಾಲ ಸುರುಳಿ ಸುತ್ತಿತು. ಮುಧೋಳದ ಮಂದಿಗೆ ನಾಯಿಯ ಬಗ್ಗೆ ತಿಳಿಸಿ ಹೇಳಬೇಕೇ! ದೂರದಿಂದಲೇ ನೋಡಿ, "ಇವು ಸಂತಿ ನಾಯಿ, ಸಾಹೇಬ್ರ," ಎಂದು ಹೇಳಿ ಹೋದರು.

"ನನ್ನ ಮಗ ಊರೂರಿಗೆ ಆಸ್ತಿ ಮಾಡ್ಯಾನವಾ," ಎಂದು ರುಕ್ಮವ್ವ ಎಳೆ ಕೂಡಿಸುತ್ತ ಓಣಿಯವರಿಗೆ ಹೇಳುತ್ತಿದ್ದಳು. "ಬೀಳಗ್ಯಾಗ ಅವರಪ್ಪನ ಲೂಮ ಹುಗದಾನ. ಮುಧೋಳದಾಗ ನನ್ನ ಪಾಟ್ಲಿ ಹುಗದಾನ. ಇನ್ನ ಜಮಖಂಡಿ ಒಂದ ಉಳದೈತಿ."

ಇಷ್ಟು ಕೇಳಿ ಅವಳ ಬಗ್ಗೆ ಅಯ್ಯೋ ಪಾಪ ಅನ್ನುವ ಅಗತ್ಯವಿಲ್ಲ. ಕೊಟ್ಟವಳು ಅವಳೇ. ಪ್ರತಿ ಸಲ ಊರು ಕೇಳುವಂತೆ ಬೈದು, ಬೈದು ಮುಗಿದ ಮೇಲೆ ಕೊಟ್ಟಳು. ಒಂದು ಕೈಯಲ್ಲಿ ಬೈಗುಳ, ಇನ್ನೊಂದರಲ್ಲಿ ರೊಕ್ಕ. ನಲವತ್ತು ದಾಟಿದ ಗಂಡಸು ಎದುರು ಬಂದು ತಲೆ ತಗ್ಗಿಸಿ ನಿಂತಾಗ, "ಏನಲೇ, ಮತ್ತ ಮುಗೀತೇನು?" ಎಂದು ಕೇಳುವುದರಲ್ಲಿ ಅವಳಿಗೊಂದು ಸುಖವಿತ್ತು. ಆ ಸುಖ ಅವಳಿಗೆ ಬಿಡಲಾಗದಂತೆ ಹತ್ತಿತ್ತು. ಮಗನನ್ನು ತುಚ್ಛವಾಗಿ ಕಾಣುತ್ತ ಸಾಕುವುದೂ ಒಂದು ಚಟವೇ. ಎಲೆಅಡಿಕೆಯ ಚಟಕ್ಕಿಂತ ಅದಕ್ಕೆ ಖರ್ಚು ಜಾಸ್ತಿ, ಅಷ್ಟೇ ವ್ಯತ್ಯಾಸ.

ಅದೂ ಅಲ್ಲದೆ, ಮೂರು ಬಸಿರು ಕಳೆದುಕೊಂಡ ಮೇಲೆ ಉಳಿದ ಒಬ್ಬನೇ ಮಗ. ಓಣಿಯ ಮಕ್ಕಳೆಲ್ಲ ಶಾಲೆಯಿಂದ ಬಂದು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಲು ಕೂರುತ್ತಿದ್ದರೆ, ವೀರಣ್ಣ ಮಾತ್ರ ಕಟ್ಟೆಯ ಮೇಲೆ ಬಿಸ್ಕೀಟು ತಿನ್ನುತ್ತ ಕೂತಿರುತ್ತಿದ್ದ. "ನನ್ನ ಮಗನ ಅಂಗೈ ನೋಡ್ರಿ, ಬೆಣ್ಣಿ," ಎಂದು ರುಕ್ಮವ್ವ ಆಗ ಹೆಮ್ಮೆಯಿಂದ ತೋರಿಸುತ್ತಿದ್ದಳು. ಅಂಗೈ ಈಗಲೂ ಬೆಣ್ಣೆಯೇ. ತೋರಿಸುವುದನ್ನು ಮಾತ್ರ ಅವಳು ಬಿಟ್ಟಿದ್ದಳು.

ಈ ಯುಗಾದಿ ಕಳೆದ ಮೇಲೆ ಜಮಖಂಡಿಯ ಸರದಿ ಬಂತು. ಜಮಖಂಡಿ ರಸ್ತೆಯಲ್ಲಿ ಸೀರೆಯ ಶೋರೂಮ್ ಹಾಕಬೇಕು, ಗಾಜಿನ ಬಾಗಿಲು, ಒಳಗೆ ಎಸಿ. ಅದಕ್ಕೆ ಮನೆ ಮಾರಬೇಕು. ಮನೆ ರುಕ್ಮವ್ವನ ಹೆಸರಿನಲ್ಲಿತ್ತು. ವೀರಣ್ಣ ಊಟಕ್ಕೆ ಕೂತು ವಿಷಯ ಎತ್ತಿದ. ರುಕ್ಮವ್ವ ಅಂದು ಬೈಯಲಿಲ್ಲ. ರೊಟ್ಟಿ ಮುರಿಯುತ್ತ, "ಇಲ್ಲ," ಎಂದಳು.

ಬೈದಿದ್ದರೆ ವೀರಣ್ಣನಿಗೆ ಧೈರ್ಯ ಬರುತ್ತಿತ್ತು, ಬೈಗುಳದ ಹಿಂದೆ ರೊಕ್ಕ ಬರುತ್ತದೆಂಬುದು ಅವನಿಗೆ ಗೊತ್ತಿದ್ದ ದಾರಿ. ಇದು ಹೊಸದು.

"ಇಲ್ಲಂದ್ರ ಏನ್ ಬೇ?"

"ಇಲ್ಲಂದ್ರ ಇಲ್ಲ. ನಾ ಸಾಯೋತನಾ ಈ ಮನಿಯಾಗ ನನ್ನ ಮಗ್ಗ ಇರತೈತಿ. ಸತ್ತ ಮ್ಯಾಗ ನೀ ಬೇಕಾದ್ರ ಗ್ವಾಡಿನೂ ಕಿತ್ತ ತಿನ್ನು."

"ನಾ ಕಾಯ್ದೆ ಕೇಳ್ತೇನಿ," ಎಂದ ವೀರಣ್ಣ. ಸೊಸೆ ಪೂರ್ಣಿಮಾ ತಾಟು ತೆಗೆಯಲು ಬಂದವಳು ಅಲ್ಲೇ ನಿಂತು ಗಂಡನ ಮುಖ ನೋಡಿದಳು. ಹದಿನೈದು ವರ್ಷದ ಸಂಸಾರದಲ್ಲಿ ಅವಳು ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದಳು, ಈಗ ಬರೀ ನೋಡುತ್ತಿದ್ದಳು.

ಕಾಯ್ದೆ ಕೇಳಲು ಜಮಖಂಡಿಗೆ ಹೋಗಬೇಕು. ಮನೆಯ ಕಾಗದ, ಆಧಾರ್ ಕಾರ್ಡು ಎಲ್ಲಾ ಅವ್ವನ ಟ್ರಂಕಿನಲ್ಲಿದ್ದುದರಿಂದ ಅವ್ವನೂ ಬರಬೇಕು. ರುಕ್ಮವ್ವ ಟ್ರಂಕು ತೆಗೆದು ಕಾಗದ ಹಿಡಿದುಕೊಂಡು ಹೊರಟಳು. ಮಗ ತನ್ನ ಮೇಲೆ ಏನೆಂದು ಕೇಸು ಹಾಕುತ್ತಾನೋ ನೋಡಬೇಕೆಂಬ ಕುತೂಹಲ ಅವಳಿಗೂ ಇತ್ತು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿಗೆ ದುಡ್ಡಿಲ್ಲ. ಆಧಾರ್ ತೋರಿಸಿ ಅವಳು ಕೂತಳು. ಕಂಡಕ್ಟರ್ ವೀರಣ್ಣನ ಕಡೆ ತಿರುಗಿದಾಗ ವೀರಣ್ಣ ಅವ್ವನ ಕಡೆ ತಿರುಗಿದ. ತನ್ನ ಮೇಲೆ ಕೇಸು ಹಾಕಲು ಹೊರಟವನಿಗೆ ರುಕ್ಮವ್ವ ಸೊಂಟದ ಚೀಲ ಬಿಚ್ಚಿ ಟಿಕೀಟು ತೆಗೆಸಿದಳು.

ವಕೀಲ ರಾಮಲಿಂಗಪ್ಪನವರ ಕಚೇರಿ ಕೋರ್ಟಿನ ಎದುರಿಗೆ, ಮೆಟ್ಟಿಲ ಕೆಳಗಿನ ಒಂದು ಕೋಣೆ. ವಯಸ್ಸಾದ ಮನುಷ್ಯ, ಮಾತು ಕಡಿಮೆ.

"ಹೇಳ್ರಿ, ಎಂಥಾ ಕೇಸು?"

"ಜೀವನಾಂಶದ್ದರಿ," ಎಂದ ವೀರಣ್ಣ.

ವಕೀಲರು ರುಕ್ಮವ್ವನ ಒರಟು ಕೈಗಳನ್ನೂ ಸವೆದ ಚಪ್ಪಲಿಯನ್ನೂ ನೋಡಿ ಮರುಗಿದರು. "ಮಗ ನೋಡ್ಕೊಳ್ಳಾಕತ್ತಿಲ್ಲೇನ್ರಿ, ಯವ್ವಾ?"

"ಅವ್ವಗಲ್ರಿ ಸಾಹೇಬ್ರ, ನನಗ. ನಮ್ಮವ್ವ ನನಗ ಕೊಡಬೇಕಂತ."

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವಯಸ್ಸೆಷ್ಟ್ರಿ?"

"ಅರವತ್ತೆಂಟ್ರಿ."

"ನಿಮ್ದ ಕೇಳಿದ್ನಿ."

"ನಲವತ್ಮೂರು."

"ಕಣ್ಣು, ಕೈಕಾಲು ಎಲ್ಲಾ ನೆಟ್ಟಗದಾವೇನು?"

"ಅದಾವ್ರಿ."

"ತಲಿ?"

ವೀರಣ್ಣ ಬಾಚಣಿಕೆಯ ಜೇಬು ಮುಟ್ಟಿಕೊಂಡ.

"ಕಾಯ್ದೆ ಐತ್ರಿ," ಎಂದರು ವಕೀಲರು. "ಆದ್ರ ಅದು ನೀವು ಅನ್ಕೊಂಡ ಕಡಿಂದ ಇಲ್ಲ. ನಿಮ್ಮಂಥಾ ದುಡಿಯೋ ವಯಸ್ಸಿನ ಗಟ್ಟಿ ಗಂಡಸಿಗೆ ಅವ್ವ ಜೀವನಾಂಶ ಕೊಡಬೇಕಂತ ಎಲ್ಲೂ ಬರದಿಲ್ಲ. ಮಕ್ಕಳು ತಂದಿ ತಾಯಿನ ನೋಡಬೇಕು, ಅದನ್ನ ಬರದಾರ. ಯವ್ವಾ, ನೀವು ಇವರ ಮ್ಯಾಗ ಅರ್ಜಿ ಕೊಡೋದಿದ್ರ ಹೇಳ್ರಿ. ನಾ ಒಂದ ಪೈಸಾ ತಗೊಳ್ಳಂಗಿಲ್ಲ."

ರುಕ್ಮವ್ವ ಮಗನನ್ನು ಚಪ್ಪಲಿಯಿಂದ ಕ್ರಾಪಿನವರೆಗೆ ಒಂದು ಸಲ ನೋಡಿದಳು. ಕೊಳ್ಳಲು ಬಂದವಳು ಕೊಳೆತ ಬದನೆಕಾಯಿಯನ್ನು ತಿರುಗಿಸಿ ನೋಡಿ ವಾಪಸು ಇಡುವಂತಿತ್ತು ಆ ನೋಟ.

"ಬ್ಯಾಡ್ರಿ ಸಾಹೇಬ್ರ. ನಾ ಕೇಸ್ ಗೆದ್ದೆ ಅಂತ ಇಟ್ಕೊಳ್ರಿ. ನನಗ ಕೊಡೋ ರೊಕ್ಕಾನೂ ಇಂವ ನನ್ನ ಕಡೇನ ಕೇಳ್ತಾನ."

ಏಳುವಾಗ ಸಲಹೆಯ ಫೀಸು ಎಷ್ಟೆಂದು ಅವಳೇ ಕೇಳಿದಳು. ವಕೀಲರು ವೀರಣ್ಣನನ್ನು ನೋಡಿದರು, ವೀರಣ್ಣ ಅವ್ವನನ್ನು ನೋಡಿದ. ಆ ನೋಟ ಕಂಡ ವಕೀಲರು, "ಬಿಡ್ರಿ, ಬಿಡ್ರಿ," ಎಂದು ಕೈಮುಗಿದು ಇಬ್ಬರನ್ನೂ ಕಳಿಸಿದರು.

"ಕಾಯ್ದೆ ಬರದವರಿಗೆ ಮಕ್ಕಳು ಇರಲಿಲ್ಲ ಕಾಣಸತೈತಿ," ಎಂದ ವೀರಣ್ಣ, ಬಸ್ಸು ಊರು ಬಿಟ್ಟ ಮೇಲೆ.

"ಇದ್ವೋ ಏನೋ. ನಿನ್ನಂಥಾದು ಇರಲಿಲ್ಲ," ಎಂದಳು ರುಕ್ಮವ್ವ.

ಒಂದು ವಾರ ವೀರಣ್ಣ ಬಾಯಿ ಮುಚ್ಚಿಕೊಂಡಿದ್ದ. ಊಟಕ್ಕೆ ಮಾತ್ರ ತೆರೆಯುತ್ತಿದ್ದ. ಮಗ ಸೋತನೆಂದು ರುಕ್ಮವ್ವ ತಿಳಿದಳು. ಸೋಲಲಿಕ್ಕಾದರೂ ಸ್ವಲ್ಪ ದುಡಿಯಬೇಕಾಗುತ್ತದೆ. ಅವನು ಸೋತಿರಲಿಲ್ಲ, ಮೊಬೈಲಿನಲ್ಲಿ ಪಡಸಾಲೆಯ ಮಗ್ಗದ ಫೋಟೋ ತೆಗೆದು ಅವರಿವರಿಗೆ ಕಳಿಸುತ್ತಿದ್ದ. ಮನೆ ಅವ್ವನ ಹೆಸರಿನಲ್ಲಿದೆ ನಿಜ, ಮಗ್ಗಕ್ಕೇನು ಕಾಗದ? ಮುಧೋಳದ ಹತ್ತಿರ ಹೊಸ ಢಾಬಾ ಕಟ್ಟಿಸುತ್ತಿದ್ದ ಬಾಳಾಸಾಹೇಬ ಎಂಬವನು ಫೋಟೋ ನೋಡಿ ಒಪ್ಪಿದ. ಢಾಬಾದ ಮುಂದೆ ಶೋಭೆಗೆ ಹಳೆಯ ಕಾಲದ ಸಾಮಾನು ಇಡುವುದು ಈಗಿನ ಶೋಕಿ. ಅವನಲ್ಲಿ ಆಗಲೇ ಒಂದು ಎತ್ತಿನ ಗಾಡಿ ಮತ್ತು ಎರಡು ಬೀಸುಕಲ್ಲು ಇದ್ದವು.

ರುಕ್ಮವ್ವ ಹಿಂದಿನ ದಿನವಷ್ಟೇ ಒಂದು ಸೀರೆ ಮುಗಿಸಿ ಮಗ್ಗದಿಂದ ಇಳಿಸಿದ್ದಳು. ಹಾಸು ಅಲ್ಲಿಗೆ ಮುಗಿದಿತ್ತು. ಮೂರು ಸಾವಿರ ಎಳೆಗಳ ತುದಿಗಳು ಮಗ್ಗದಲ್ಲಿ ನೇತಾಡುತ್ತ ಹೊಸ ಹಾಸಿನ ದಾರಿ ಕಾಯುತ್ತಿದ್ದವು. ಹೊಸ ಹಾಸು ಸುತ್ತಿಕೊಂಡು ಗೋಡೆಯ ಗೂಟದಲ್ಲಿತ್ತು. ಅಂದು ಬನಹಟ್ಟಿಯಲ್ಲಿ ಒಬ್ಬರ ಮಗ್ಗಕ್ಕೆ ಎಳೆ ಕೂಡಿಸುವುದಿತ್ತು, ಅದನ್ನು ಮುಗಿಸಿ ಬಂದು ಮರುದಿನ ತನ್ನದಕ್ಕೆ ಕೂರುವುದೆಂದು ಅವಳು ಹೊತ್ತು ಮೂಡುವ ಮೊದಲೇ ಹೋದಳು.

ಅವಳು ಹೋದ ಮೇಲೆ ವೀರಣ್ಣ ತನ್ನ ಜೀವಮಾನದಲ್ಲಿ ಮೊದಲ ಸಲ ಮಗ್ಗದ ಕೆಲಸ ಮಾಡಿದ. ಕೊಳ್ಳುವವರು ಬರುತ್ತಾರೆ, ಸಾಮಾನು ನೀಟಾಗಿ ಕಾಣಬೇಕು ಎಂದು ಕಸಬರಿಗೆ ಹಿಡಿದು ಧೂಳು ಹೊಡೆದ. ಜೇಡರ ಬಲೆ ತೆಗೆದ. ಆಮೇಲೆ ನೇತಾಡುತ್ತಿದ್ದ ಎಳೆಗಳನ್ನು ಮುಷ್ಟಿ ಮುಷ್ಟಿಯಾಗಿ ಹಿಡಿದು ಎಳೆದು ಕಿತ್ತು ಹಾಕಿದ. ಪೂರ್ಣಿಮಾ ಹಿತ್ತಲಿನಿಂದ ಓಡಿ ಬಂದು, "ಅಯ್ಯ, ಅದನ್ನ್ಯಾಕ ಕೀಳಾಕತ್ತೀರಿ! ಅತ್ತಿ ಬಂದ್ರ..." ಎನ್ನುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಕಿತ್ತದ್ದನ್ನು ಅವನು ನೀರೊಲೆಗೆ ಹಾಕಿದ. ಆ ಬೆಂಕಿಯಲ್ಲಿ ಕಾದ ನೀರಿನಲ್ಲಿ ಜಳಕ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು ಬಾಳಾಸಾಹೇಬನ ದಾರಿ ಕಾದ.

ಬನಹಟ್ಟಿಯ ಕೆಲಸ ಬೇಗ ಮುಗಿಯಿತು. ಮಧ್ಯಾಹ್ನ ನಾಲ್ಕಕ್ಕೆ ರುಕ್ಮವ್ವ ಓಣಿಯ ತಿರುವಿಗೆ ಬಂದಾಗ ಮನೆಯ ಮುಂದೆ ಟೆಂಪೋ ನಿಂತಿತ್ತು. ಒಳಗಿನಿಂದ ಅಪರಿಚಿತ ದನಿ ಜೋರಾಗಿ ಕೇಳುತ್ತಿತ್ತು.

"ಏನ್ರಿ ಇದು? ಫೋಟೋದಾಗ ಎಳಿ ಇದ್ವಲ್ರಿ! ಎಲ್ಲಿ ಅವು?"

"ಸ್ವಚ್ಛ ಮಾಡೇನ್ರಿ, ಬಾಳಾಸಾಹೇಬ್ರ. ಬರೇ ಕಸ ಇತ್ತು."

"ಕಸ? ಅದ ಬೇಕಾಗಿತ್ತರೀ ನನಗ! ಬಂದ ಮಂದಿ ಅದರಾಗ ಕುಂತು ಲಾಳಿ ಹಿಡದು ಫೋಟೋ ತಗೊಳ್ಳಬೇಕಂತ ಮಾಡಿದ್ನಿ. ಎಳಿ ಇಲ್ಲದ ಇದು ಬರೇ ಕಟಗಿ. ಕಟಗಿ ನಮ್ಮೂರಾಗ ಸಿಗಂಗಿಲ್ಲೇನು?" ಹೊರಗೆ ಬಂದ ಬಾಳಾಸಾಹೇಬ ಹೊಸ್ತಿಲಲ್ಲಿ ನಿಂತಿದ್ದ ಮುದುಕಿಯನ್ನು ಕಂಡು ಸ್ವಲ್ಪ ತಗ್ಗಿದ. "ನೇಕಾರರ ಮನಿಯಾಂವ ಅಂದ್ನಲ್ರೀ ಇಂವ ಫೋನಿನ್ಯಾಗ. ಖರೇನ ನೇಕಾರರ ಮನಿಯಾಂವೇನ್ರಿ?"

ರುಕ್ಮವ್ವ ದಾರಿ ಬಿಟ್ಟು ನಿಂತಳು. ಟೆಂಪೋ ಖಾಲಿಯಾಗಿ ಬಂದದ್ದು ಖಾಲಿಯಾಗಿಯೇ ಹೋಯಿತು.

ಅವಳು ಒಳಗೆ ಹೋಗಿ ಮಗ್ಗದ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ದಾರದ ಕಣ್ಣುಗಳನ್ನು ಬೆರಳಿಂದ ಸರಿಸಿ ನೋಡಿದಳು. ಒಂದರಲ್ಲೂ ಎಳೆ ಇರಲಿಲ್ಲ. ಈ ತುದಿಗಳ ಮೊದಲ ಎಳೆಯನ್ನು ಪೋಣಿಸಿದವನು ಕಾಶಪ್ಪ. ಅಂದಿನಿಂದ ಹಾಸಿನ ಮೇಲೆ ಹಾಸು ಕೂಡುತ್ತ ಬಂದಿತ್ತೇ ಹೊರತು ಈ ಮಗ್ಗ ಒಂದು ದಿನವೂ ಬರಿದಾಗಿರಲಿಲ್ಲ. ಅವಳ ಗಂಡನ ಹೆಣ ಎತ್ತಿದ ದಿನವೂ ಇದರಲ್ಲಿ ಎಳೆ ಇತ್ತು.

ಅವಳು ಎದ್ದು ನಿಂತಳು. ಸಿಟ್ಟಿಗಿಂತ ಹೇಸಿಗೆಯೇ ಜಾಸ್ತಿಯಿತ್ತು ಅವಳ ದನಿಯಲ್ಲಿ.

"ಕದ್ದು ಮಾರಾಕ ಹೊಂಟಿದ್ದಿ. ಆಗಲಿ, ಕಳ್ಳ ಅಂತೀನಿ. ಕಳ್ಳಗೂ ತಾ ಕದಿಯೋ ಸಾಮಾನು ಏನಂತ ಗೊತ್ತಿರತೈತಿ ಲೇ! ಮಗ್ಗದ ಎಳಿ ಕೀಳಬಾರದು ಅಂತ ಓಣ್ಯಾಗಿನ ನಾಯಿಗೆ ಗೊತ್ತೈತಿ. ನಿನ್ನ ಮುಧೋಳದ ನಾಯಿಗೂ ಗೊತ್ತಿತ್ತು. ಯಾವ ಮನಿಯಾಗ ಹುಟ್ಟಿದಿ ನೀ? ನೇಕಾರನ ಹೊಟ್ಟೀಲೆ ಹುಟ್ಟಿ ಇಷ್ಟೂ ಬರಂಗಿಲ್ಲೇನು ನಿನಗ?"

ಓಣಿಯ ಮಂದಿ ಬಾಗಿಲಿಗೆ ಬಂದರು. ವೀರಣ್ಣ ಯಾವಾಗಲೂ ಮಾಡುವಂತೆ ತಲೆ ತಗ್ಗಿಸಿ ನಿಂತಿದ್ದ. ಬೈಗುಳ ಮುಗಿಯಲಿ ಎಂದು ಕಾಯುವ ನಿಲುವು ಅದು. ಆದರೆ ಬಾಳಾಸಾಹೇಬನ ಮಾತು ಅವನಿಗೂ ಎಲ್ಲೋ ಚುಚ್ಚಿರಬೇಕು. ತಲೆ ಎತ್ತಿದ.

"ಯಾರ ಕಲಿಸ್ಯಾರ ಬೇ ನನಗ?"

"ಏನು?"

ವೀರಣ್ಣ ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಣಕಾಲವರೆಗೆ ಎತ್ತಿ ಹಿಡಿದ. ಮೊಣಕಾಲಿನ ಕೆಳಗೆ ಅಡ್ಡಕ್ಕೆ ಒಂದು ಹಳೆಯ ಗಾಯದ ಗೆರೆ ಬೆಳ್ಳಗೆ ಕಾಣುತ್ತಿತ್ತು.

"ಒಂಬತ್ತು ವರ್ಷದಾಂವ ಇದ್ದೆ. ಈ ಕುಣಿಯಾಗ ಇಳದು ಲಾಳಿ ಒಗದೆ. ಅಪ್ಪ ನಕ್ಕೋಂತ, 'ಕುಂದ್ರಲೇ, ಕಲಸ್ತೇನಿ' ಅಂದ. ನೀ ಅಡಗಿಮನಿಯಿಂದ ಓಡಿ ಬಂದು ಸೀರಿ ಅಳಿಯೋ ಕಟಗೀಲೆ ಹೊಡದಿ. ರಕ್ತ ಬರೂಹಂಗ ಹೊಡದಿ. 'ನನ್ನ ಮಗ ಕುಣಿಗೆ ಇಳಿಯಂಗಿಲ್ಲ, ಕುರ್ಚಿ ಮ್ಯಾಗ ಕುಂದ್ರತಾನ' ಅಂದಿ. ಆತಿಲ್ಲೋ? ಕುರ್ಚಿ ಮ್ಯಾಗ ಕುಂತೇನಿ. ಕುರ್ಚಿ ನೀನ ತಂದ ಕೊಡು ಮತ್ತ."

ಆ ಹೊಡೆತವನ್ನು ರುಕ್ಮವ್ವ ಮರೆತೇಬಿಟ್ಟಿದ್ದಳು. ಈಗ ಕಟ್ಟಿಗೆಯ ಸಮೇತ ನೆನಪಾಯಿತು, ಕಾಶಪ್ಪ ನಗು ನಿಲ್ಲಿಸಿ ತನ್ನನ್ನು ನೋಡಿದ್ದೂ ನೆನಪಾಯಿತು. ಇಷ್ಟು ವರ್ಷ ಮಗನನ್ನು ಯಾವ ಕಣ್ಣಿನಿಂದ ನೋಡುತ್ತ ಬಂದಿದ್ದಳೋ, ಅದೇ ಕಣ್ಣಿನಿಂದ ಅವಳು ಮೊದಲ ಸಲ ತನ್ನನ್ನು ತಾನು ನೋಡಿಕೊಂಡಳು. ನೋಡಿದ್ದು ಅವಳಿಗೆ ಸೇರಲಿಲ್ಲ.

ಗೋಡೆಯ ಗೂಟದಿಂದ ಹೊಸ ಹಾಸನ್ನು ಇಳಿಸಿದಳು. ಎಳೆ ಎಳೆಯುವ ಸಣ್ಣ ಕೊಂಡಿ ಹುಡುಕಿ ತಂದಳು.

"ಕಾಲು ತೊಳಕೊಂಡ ಬಾ," ಎಂದಳು.

"ಯಾಕ?"

"ನಾ ನಿನಗ ಕೊಡಬೇಕಾದ್ದು ಇದೊಂದು ಉಳದೈತಿ. ಝೆರಾಕ್ಸಿನ ಅಂಗಡಿ ಕೊಟ್ನಿ, ಮೀನ ಕೊಟ್ನಿ, ನಾಯಿ ಕೊಟ್ನಿ. ಇದನ್ನ ಕೊಟ್ಟಿರಲಿಲ್ಲ. ಇಳಿ ಕುಣಿಗೆ."

ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ರುಕ್ಮವ್ವ ಆ ಕಡೆ ತಿರುಗಿ ನೋಡಿದ್ದೇ ತಡ, ಬಾಗಿಲು ಖಾಲಿಯಾಯಿತು. ವೀರಣ್ಣ ಹೆಂಡತಿಯ ಕಡೆ ನೋಡಿದ. ಪೂರ್ಣಿಮಾ ಒಂದು ತಂಬಿಗೆ ನೀರು ತಂದು ಅವನ ಕಾಲ ಹತ್ತಿರ ಇಟ್ಟಳು.

ವೀರಣ್ಣ ಅಂದಿನಿಂದ ಬದಲಾಗಿ ದೊಡ್ಡ ನೇಕಾರನಾದ ಎಂದು ಬರೆದರೆ ರಬಕವಿಯ ಮಂದಿ ಹೊಟ್ಟೆ ಹಿಡಿದು ನಕ್ಕಾರು. ಮೊದಲ ದಿನ ಹೊತ್ತು ಮುಳುಗುವ ತನಕ ಅವನು ಎಳೆದದ್ದು ಅರವತ್ತೆರಡು ಎಳೆ. ಮಗ್ಗದ ಹಿಂದೆ ಕೂತ ರುಕ್ಮವ್ವ ಒಂದೊಂದಾಗಿ ಎಳೆ ಆರಿಸಿ ಕಣ್ಣಿನ ಹತ್ತಿರ ಹಿಡಿಯುತ್ತಿದ್ದಳು, ಅವನು ಈಚೆಯಿಂದ ಕೊಂಡಿ ಹಾಕಿ ಎಳೆಯಬೇಕು. ಎಳೆದರೆ ಹರಿಯುತ್ತಿತ್ತು, ಹರಿಯದಿದ್ದರೆ ತಪ್ಪು ಕಣ್ಣಿಗೆ ಹೋಗಿರುತ್ತಿತ್ತು. "ಎಮ್ಮಿ ಹಗ್ಗ ಎಳದಂಗ ಎಳಿಬ್ಯಾಡ." "ಬಲಗಣ್ಣಿನ್ಯಾಗ ಲೇ, ಬಲಕ್ಕ. ಉಣ್ಣೋ ಕೈ ಯಾವ್ದು, ಅದು." ಎರಡನೆಯ ದಿನ ಸೊಂಟ ಹಿಡಿಯಿತೆಂದು ಮಲಗಿದ. ಐದನೆಯ ದಿನ ಚಹಾದಂಗಡಿಗೆ ಪರಾರಿಯಾದ. ರುಕ್ಮವ್ವ ಅಲ್ಲಿಗೇ ಹೋಗಿ, ಅವನ ಸಿದ್ಧಾಂತ ಕೇಳುತ್ತಿದ್ದವರ ನಡುವಿನಿಂದ ಅವನನ್ನು ಎಬ್ಬಿಸಿ, "ಇನ್ನ ಮ್ಯಾಗ ಇವಗ ಉದ್ರಿ ಕೊಟ್ರ ನಾ ತೀರ್ಸಂಗಿಲ್ಲ," ಎಂದು ಅಂಗಡಿಯವನಿಗೆ ಹೇಳಿ ಕರೆತಂದಳು.

ಓಣಿಯ ಹಿರಿಯ ನೇಕಾರ ಕಾಮಣ್ಣ ಬಂದು ನೋಡಿ ತಲೆ ಚಚ್ಚಿಕೊಂಡ. "ಅಕ್ಕಾ, ನಾನೂ ನೀನೂ ಕುಂತ್ರ ಮೂರ ದಿನದ ಕೆಲಸ. ಇವನ್ನ ಕಟ್ಟಿಕೊಂಡ ಯಾಕ ಒದ್ದಾಡ್ತಿ? ದಿನಾ ನಿನ್ನ ನೇಯ್ಗಿ ಹಾಳಾಗಾಕತ್ತೈತಿ."

"ಆಗಲಿ ತಮ್ಮಾ. ನಾಯಿ ಸಾಕಾಕ ಕೊಟ್ಟೇನಿ, ಇದಕ್ಕ ಕೊಡಾಕ ಏನ್ ಧಾಡಿ?" ಎಂದು ಅವಳು ಕಾಮಣ್ಣನನ್ನು ಕಳಿಸಿಬಿಟ್ಟಳು. ಆ ದಿನಗಳಲ್ಲಿ ಮನೆ ಪೂರ್ಣಿಮಾ ಕಂಡಿಕೆ ಸುತ್ತಿದ ಕೂಲಿಯಲ್ಲಿ ನಡೆಯಿತು. ಮಧ್ಯಾಹ್ನ ರೊಟ್ಟಿ, ರಾತ್ರಿ ಗಂಜಿ. ವೀರಣ್ಣನ ಅಂಗಿಗೆ ಇಸ್ತ್ರಿ ಬೀಳಲಿಲ್ಲ.

ಹತ್ತೊಂಬತ್ತು ದಿನ ಹಿಡಿಯಿತು. ಕೊನೆಯ ಎಳೆ ಹಣಿಗೆ ದಾಟಿ ಈಚೆ ಬಂದ ದಿನ ವೀರಣ್ಣ ಕುಣಿಯಲ್ಲೇ ಕೂತು ಬೆನ್ನು ನೀವಿಕೊಂಡ. ಅಂಗೈ ಮುಂದೆ ಮಾಡಿ ಅವ್ವನಿಗೆ ತೋರಿಸಿದ. ತೋರುಬೆರಳ ತುದಿಯಲ್ಲಿ ಚರ್ಮ ಸಿಗಿದು ಗಟ್ಟಿಯಾಗಿತ್ತು. ತೋರಿಸಿದ ಕೈಯನ್ನು ಅವನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಹಾಗೇ ಚಾಚಿಕೊಂಡಿದ್ದ. ಹಳೆಯ ಅಭ್ಯಾಸ.

"ಹತ್ತೊಂಬತ್ತ ದಿನ ಆತು. ಕೂಲಿ?"

"ನೀ ಕಿತ್ತದ್ದನ್ನ ನೀ ತುಂಬಿದಿ. ಅದಕ್ಕೆಂಥಾ ಕೂಲಿ?" ರುಕ್ಮವ್ವ ಮಗ್ಗದ ಹಿಂದಿನಿಂದ ಎದ್ದು ಬಂದು ಆ ಚಾಚಿದ ಕೈಯಲ್ಲಿ ಲಾಳಿ ಇಟ್ಟಳು. "ಸೀರಿ ಇಳಿಸು, ಆಮ್ಯಾಗ ಕೂಲಿ ಕೇಳು."

ವೀರಣ್ಣ ಲಾಳಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಒಂದ ಸೀರಿಗೆ ಎಷ್ಟ ದಿನ ಹಿಡೀತೈತಿ ಬೇ?"

"ನನಗ ನಾಕ ದಿನ."

"ನನಗ?"

"ನನಗೇನ ಗೊತ್ತಲೇ," ಎಂದಳು ರುಕ್ಮವ್ವ. "ನಾ ನಿನಗ ಕಲಿಸಿಲ್ಲಲ್ಲ." ಅಷ್ಟು ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, ಕುಣಿಯ ಅಂಚಿನಲ್ಲಿ ಅವನ ಪಕ್ಕ ಕೂತಳು.